ಟೈರು, ಪೈಪು, ಕೊಡ: ಕೆಲಸ ಬೆಳೆಯಿತು, ಕಾಯಂ ಕರಗಿತು

ಮನೆಯೊಳಗೆ ಒಮ್ಮೆ ಕಣ್ಣಾಡಿಸಿ. ನೀರಿನ ಕೊಡ, ಬಚ್ಚಲಿನ ಬಕೆಟ್ಟು, ಕಾಲಿನ ಹವಾಯಿ ಚಪ್ಪಲಿ, ಮೂಲೆಯಲ್ಲಿ ಮಡಚಿಟ್ಟ ಗೊಬ್ಬರದ ಚೀಲ, ಹೊಲದಲ್ಲಿ ಹಾಸಿದ ಹನಿ ನೀರಾವರಿ ಪೈಪು, ಬಾಗಿಲ ಮುಂದೆ ನಿಂತ ಬೈಕಿನ ಎರಡು ಟೈರು. ಎಲ್ಲವೂ ಒಂದೋ ಪ್ಲಾಸ್ಟಿಕ್, ಇಲ್ಲ ರಬ್ಬರು. ನಮ್ಮ ಅಜ್ಜಂದಿರ ಕಾಲದಲ್ಲಿ ಕೊಡ ತಾಮ್ರದ್ದೋ ಮಣ್ಣಿನದ್ದೋ ಆಗಿತ್ತು. ಚೀಲ ಸೆಣಬಿನದು, ಹಗ್ಗ ಕತ್ತಾಳೆಯದು, ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ.

ಸಾಮಾನು ಬದಲಾದದ್ದನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ಮಾಡುವ ಕೈಗಳು ಯಾರವು, ಆ ಕೈಗಳಿಗೆ ಎಂಥ ಕೆಲಸ ಸಿಕ್ಕಿತು ಎನ್ನುವುದನ್ನು ಬರೆದವರು ಕಡಿಮೆ. ಮಣ್ಣಿನ ಮಡಕೆ ಮಾಡುವವರು ನಮ್ಮೂರಲ್ಲೇ ಇದ್ದರು, ಅವರ ಹೆಸರು ನಮಗೆ ಗೊತ್ತಿತ್ತು. ಪ್ಲಾಸ್ಟಿಕ್ ಕೊಡ ಮಾಡುವವನೂ ಬಹಳ ಸಲ ನಮ್ಮೂರಿನವನೇ. ಆದರೆ ಅವನು ಊರಲ್ಲಿಲ್ಲ. ಯಾವುದೋ ಶೆಡ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ.

ನಾವು ಹಳ್ಳಿ ಸುತ್ತುವಾಗ ‘ಹುಡುಗ ಏನು ಮಾಡ್ತಾನೆ’ ಎಂದು ಕೇಳಿದರೆ ‘ಕಂಪನಿ ಕೆಲಸ’ ಎಂಬ ಉತ್ತರ ಬರುತ್ತದೆ. 40 ವರ್ಷದ ಹಿಂದೆಯೂ ಇದೇ ಮಾತಿತ್ತು. ಆದರೆ ಆಗಿನ ‘ಕಂಪನಿ ಕೆಲಸ’ಕ್ಕೂ ಈಗಿನದಕ್ಕೂ ಬಹಳ ಅಂತರವಿದೆ. ಆ ಅಂತರ ಹೇಗೆ ಬಂತು ಎಂಬುದನ್ನು ಕರ್ನಾಟಕದ ರಬ್ಬರ್ ಮತ್ತು ಪ್ಲಾಸ್ಟಿಕ್ ಕೈಗಾರಿಕೆಯ ಚರಿತ್ರೆಯಲ್ಲಿ ಹುಡುಕುವುದು ಈ ಬರಹದ ಉದ್ದೇಶ.

ಲೆಕ್ಕದ ಪುಸ್ತಕದಲ್ಲಿ 22ನೇ ಮನೆ

ಸರ್ಕಾರ ಕೈಗಾರಿಕೆಗಳನ್ನು ಎಣಿಸುವಾಗ ಒಂದೊಂದು ಬಗೆಗೂ ಒಂದು ಸಂಖ್ಯೆ ಕೊಟ್ಟಿದೆ. ಅದರಲ್ಲಿ 22ನೇ ಸಂಖ್ಯೆ ‘ರಬ್ಬರ್ ಮತ್ತು ಪ್ಲಾಸ್ಟಿಕ್ ಉತ್ಪನ್ನ’. ಟ್ರಕ್ಕಿನ ಟೈರು ಮಾಡುವ ದೊಡ್ಡ ಕಾರ್ಖಾನೆಯೂ, ಬಾಟಲಿ ಮುಚ್ಚಳ ಮಾಡುವ ಚಿಕ್ಕ ಶೆಡ್ಡೂ ಈ ಒಂದೇ ಮನೆಯಲ್ಲಿ ಕೂರುತ್ತವೆ.

ಇವರಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂದು ಹೇಳುವುದು ವಾರ್ಷಿಕ ಕೈಗಾರಿಕಾ ಸಮೀಕ್ಷೆ. ಆದರೆ ಈ ಸಮೀಕ್ಷೆ ಮುಖ್ಯವಾಗಿ ಎಣಿಸುವುದು ಕಾರ್ಖಾನೆ ಕಾಯ್ದೆಯಡಿ ನೋಂದಣಿ ಆದ ಘಟಕಗಳನ್ನು. 1948ರ ಕಾಯ್ದೆ ಹಾಕಿದ್ದ ಗೆರೆ ಇದು: ಕರೆಂಟು ಬಳಸುವ ಕಡೆ 10 ಜನ, ಕರೆಂಟು ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆಯಾಗಿತ್ತು. 9 ಜನರಿಂದ ಎರಡು ಮೆಷಿನ್ ಓಡಿಸುವ ಶೆಡ್ಡು ಈ ಗೆರೆಯ ಆಚೆ ಉಳಿಯುತ್ತದೆ. ಗುಜರಿಯಿಂದ ಬಂದ ಹಳೆ ಪ್ಲಾಸ್ಟಿಕ್ ತೊಳೆದು, ಕರಗಿಸಿ ಮತ್ತೆ ಕಾಳು ಮಾಡುವ ಮನೆಹಿಂದಿನ ಘಟಕವೂ ಆಚೆಯೇ. ರಬ್ಬರ್ ಮರದ ಬುಡದಲ್ಲಿ ಬೆಳಗಿನ ಜಾವ ತೊಗಟೆ ಕೊರೆಯುವವರಂತೂ ‘ಕೃಷಿ’ ಎಂಬ ಬೇರೆ ಪುಸ್ತಕದಲ್ಲಿ ಇದ್ದಾರೆ.

ಹಾಗಾಗಿ ‘ಈ ವರ್ಷ ಇಷ್ಟು ಸಾವಿರ ಉದ್ಯೋಗ ಹೆಚ್ಚಾಯಿತು’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎರಡು ಪ್ರಶ್ನೆ ಕೇಳಬೇಕು. ಯಾರನ್ನು ಎಣಿಸಿದರು? ಎಣಿಸಿದವರಲ್ಲಿ ಕಾಯಂ ಎಷ್ಟು? ಮುಂದಿನ ಕಥೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ಮರ ಬಂತು

ರಬ್ಬರ್ ಮರ ನಮ್ಮ ನೆಲದ್ದಲ್ಲ. ಅಮೆಜಾನ್ ಕಾಡಿನದು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ಬ್ರೆಜಿಲಿನಿಂದ ಸುಮಾರು 70,000 ಬೀಜ ಲಂಡನ್ನಿಗೆ ಸಾಗಿಸಿದ. ಮೊಳೆತ ಸಸಿಗಳು ಅಲ್ಲಿಂದ ಸಿಲೋನ್ ಸೇರಿದವು, ಬರಬರುತ್ತ ಏಷ್ಯಾದ ತೋಟಗಳನ್ನೆಲ್ಲ ತುಂಬಿದವು. ಭಾರತದಲ್ಲಿ ವ್ಯಾಪಾರಕ್ಕೆಂದು ಮೊದಲ ತೋಟ ಎದ್ದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ. ಸ್ವಾತಂತ್ರ್ಯದ ವರ್ಷವೇ, 1947ರಲ್ಲಿ, ರಬ್ಬರ್ ಕಾಯ್ದೆ ಬಂದು ಕೋಟ್ಟಯಂನ ರಬ್ಬರ್ ಮಂಡಳಿಗೆ ಬುನಾದಿಯಾಯಿತು.

ಕೇರಳದಿಂದ ಗಡಿ ದಾಟಿ ಬಂದ ಕೃಷಿಕರ ಜೊತೆ ಈ ಮರ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು, ಸುಳ್ಯ ಕಡೆಗೂ ಬಂತು. ಆದರೆ ಅಲ್ಲಿನ ದೊಡ್ಡ ಸರ್ಕಾರಿ ತೋಟಗಳ ಹಿಂದೆ ಬೇರೆಯೇ ಕಥೆ ಇದೆ.

ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬಡವರನ್ನು ಸಿಲೋನಿನ ಟೀ ತೋಟ, ರಬ್ಬರ್ ತೋಟಗಳಿಗೆ ಕೂಲಿಗೆ ಕರೆದೊಯ್ದಿದ್ದರು. ಆ ದೇಶ ಸ್ವತಂತ್ರವಾದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಪೌರತ್ವ ಸಿಗಲಿಲ್ಲ. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಮಂದಿ ಅಲ್ಲಿಯೇ ಉಳಿಯಬೇಕು, ಮಿಕ್ಕವರ ವಿಷಯ ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಹುಟ್ಟಿದ ಊರು ಯಾವುದು, ಎಲ್ಲಿ ಇರಬೇಕು ಎಂದು ಆ ಜನರನ್ನು ಕೇಳಿದವರು ಕಡಿಮೆ.

ಹೀಗೆ ಬಂದವರ ಕೆಲವು ಕುಟುಂಬಗಳಿಗೆ ಕರ್ನಾಟಕ ಸುಳ್ಯ ಮತ್ತು ಪುತ್ತೂರು ಕಡೆ ನೆಲೆ ಕೊಟ್ಟಿತು. 1971ರಲ್ಲಿ ಶುರುವಾದ ಸರ್ಕಾರಿ ನಿಗಮ, ಅಂದರೆ ಈಗಿನ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ, ಅಲ್ಲಿ ರಬ್ಬರ್ ತೋಟ ಬೆಳೆಸಿತು. ತೋಟದ ಕೆಲಸ ಈ ಕುಟುಂಬಗಳಿಗೆ ಸಿಕ್ಕಿತು. ಇಂದಿಗೂ ಆ ಕಾಲೊನಿಗಳಲ್ಲಿ ತಮಿಳು ಕೇಳಿಸುತ್ತದೆ.

ಟ್ಯಾಪಿಂಗ್ ಕೆಲಸ ನೋಡದವರಿಗೆ ನಾಲ್ಕು ಮಾತು. ಸಸಿ ನೆಟ್ಟು ಸುಮಾರು 7 ವರ್ಷ ಕಾಯಬೇಕು. ಬಿಸಿಲೇರಿದರೆ ಹಾಲು ಬೇಗ ಹೆಪ್ಪುಗಟ್ಟುತ್ತದೆ, ಆದ್ದರಿಂದ ಬೆಳಕು ಹರಿಯುವ ಮೊದಲೇ ತೋಟದಲ್ಲಿರಬೇಕು. ಒಬ್ಬರು ಒಂದು ದಿನಕ್ಕೆ 300ರಿಂದ 400 ಮರದ ತೊಗಟೆಯನ್ನು ಓರೆಯಾಗಿ, ಕೂದಲೆಳೆಯಷ್ಟು ಕೆತ್ತುತ್ತಾರೆ. ಸ್ವಲ್ಪ ಆಳವಾದರೆ ಮರಕ್ಕೆ ಗಾಯ, ಸ್ವಲ್ಪ ಮೇಲಾದರೆ ಹಾಲಿಲ್ಲ. ಆಮೇಲೆ ಗೆರಟೆಯಲ್ಲಿ ಇಳಿದ ಹಾಲು ಸಂಗ್ರಹಿಸಿ, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ ಶೀಟು ಮಾಡಿ, ಹೊಗೆಗೂಡಿನಲ್ಲಿ ಒಣಗಿಸುವುದು. ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟದಿದ್ದರೆ ಕೆಲಸವೇ ಇಲ್ಲ.

ಈ ಕೆಲಸದ ಹಣೆಬರಹ ಬೆಲೆಯ ಕೈಯಲ್ಲಿದೆ. 2011ರಲ್ಲಿ ಶೀಟು ರಬ್ಬರ್ ಕಿಲೋಗೆ ಸುಮಾರು 240 ರೂಪಾಯಿ ಮುಟ್ಟಿತ್ತು. ಆ ಭರದಲ್ಲಿ ಗುಡ್ಡ ಕಡಿದು ಗಿಡ ನೆಟ್ಟವರಿಗೆ ಹಾಲು ಬರುವ ಹೊತ್ತಿಗೆ ಬೆಲೆ ಕುಸಿದಿತ್ತು. 2016ರ ಆರಂಭದಲ್ಲಿ ಅದು 100 ರೂಪಾಯಿಗಿಂತ ಕೆಳಗಿಳಿಯಿತು. ಹಲವು ಮಾಲೀಕರು ಟ್ಯಾಪಿಂಗ್ ನಿಲ್ಲಿಸಿದರು. ಮಾಲೀಕನಿಗೆ ಮರವಾದರೂ ಉಳಿಯಿತು, ಟ್ಯಾಪರ್‌ಗೆ ಏನೂ ಉಳಿಯಲಿಲ್ಲ. 2024ರ ಆಗಸ್ಟಿನಲ್ಲಿ ಬೆಲೆ 2011ರ ದಾಖಲೆಯನ್ನೂ ದಾಟಿತು. ಅಷ್ಟು ಹೊತ್ತಿಗೆ ಎಷ್ಟೋ ಕಡೆ ಚಾಕು ಹಿಡಿಯುವ ಕೈಗಳೇ ಬೇರೆ ಕೆಲಸಕ್ಕೆ ಹೋಗಿದ್ದವು.

ಮೇಟಗಳ್ಳಿಯ ಟೈರು

ಹಸಿ ರಬ್ಬರ್ ಹಾಗೇ ಬಳಸಿದರೆ ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ ಪುಟಿಯುತ್ತದೆ ಎಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಜಗತ್ತಿನ ಟೈರು ಕಾರ್ಖಾನೆಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಮೈಸೂರಿಗೆ ಟೈರು ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ಶುರುವಾಗಿ ಸುತ್ತಲ ಹಳ್ಳಿಗಳಿಗೆ ಕಾರ್ಖಾನೆಯ ರುಚಿ ಹತ್ತಿತ್ತು. 1966ರಲ್ಲಿ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆ ಬಂದು ಜಮೀನು ಸ್ವಾಧೀನಕ್ಕೆ ದಾರಿಯಾಯಿತು. ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿ ಕಡೆ ಎರಡು ಟೈರು ಕಾರ್ಖಾನೆಗಳು ಎದ್ದವು. ಒಂದು, ಡನ್‌ಲಪ್ ಬಳಗದ ಫಾಲ್ಕನ್ ಟೈರ್ಸ್. ಅದು ಸ್ಕೂಟರ್, ಬೈಕುಗಳ ಟೈರು ಮಾಡುತ್ತಿತ್ತು. ಇನ್ನೊಂದು, ರಾಜ್ಯ ಸರ್ಕಾರದ ಬೆಂಬಲದಿಂದ ಹುಟ್ಟಿದ ವಿಕ್ರಾಂತ್ ಟೈರ್ಸ್. ಅದರದು ಲಾರಿ, ಬಸ್ಸು, ಟ್ರ್ಯಾಕ್ಟರ್ ಟೈರು.

ಟೈರು ಕಾರ್ಖಾನೆಗೆ ಜನ ಬೇಕೇ ಬೇಕು. ಮೊದಲು ದೊಡ್ಡ ಮಿಕ್ಸರಿನಲ್ಲಿ ರಬ್ಬರ್, ಗಂಧಕ, ಎಣ್ಣೆ, ಕಪ್ಪು ಮಸಿ ಸೇರಿಸಿ ಅರೆಯುತ್ತಾರೆ. ಈ ಮಸಿಯ ಹೆಸರು ಕಾರ್ಬನ್ ಬ್ಲ್ಯಾಕ್. ಟೈರು ಕಪ್ಪಗಿರುವುದು, ಬೇಗ ಸವೆಯದೆ ಇರುವುದು ಇದರಿಂದಲೇ. ಆಮೇಲೆ ನೈಲಾನ್ ಬಟ್ಟೆಗೆ ರಬ್ಬರ್ ಲೇಪ, ಅಂಚಿಗೆ ತಂತಿಯ ಬಳೆ. ಟೈರು ಕಟ್ಟುವವನು ಉರುಳೆಯ ಮೇಲೆ ಪದರದ ಮೇಲೆ ಪದರ ಸುತ್ತುತ್ತಾನೆ. ಕೈಗಣ್ಣು ಎರಡೂ ಚುರುಕಾಗಿರಬೇಕು, ಅವನೇ ಆ ಕಾರ್ಖಾನೆಯ ಅಕ್ಕಸಾಲಿ. ಕೊನೆಗೆ ಹಬೆಯ ಅಚ್ಚಿನಲ್ಲಿ ಬೇಯಿಸುವುದು. ಬೇಸಿಗೆಯಲ್ಲಿ ಆ ಅಚ್ಚುಗಳ ಮುಂದೆ 8 ಗಂಟೆ ನಿಲ್ಲುವುದು ಹೊಲದ ಕೆಲಸಕ್ಕಿಂತ ಹಗುರವೇನಲ್ಲ.

ಆದರೂ ಜನ ಯಾಕೆ ಹೋದರು? ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು. ಭವಿಷ್ಯ ನಿಧಿ, ಇಎಸ್‌ಐ ಆಸ್ಪತ್ರೆ, ಬೋನಸ್ಸು, ಕ್ಯಾಂಟೀನು, ಯೂನಿಯನ್ನು ಇತ್ತು. ಒಬ್ಬ ಕಾಯಂ ಆದರೆ ತಂಗಿಯ ಮದುವೆಗೆ ಸಾಲ ಹುಟ್ಟುತ್ತಿತ್ತು, ತಮ್ಮ ಓದುತ್ತಿದ್ದ, ಊರಲ್ಲಿ ಮಣ್ಣಿನ ಗೋಡೆ ಇಟ್ಟಿಗೆ ಗೋಡೆಯಾಗುತ್ತಿತ್ತು. 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಾಗ ಕನ್ನಡಿಗರಿಗೆ ಕೆಲಸ ಎಂಬ ಕೂಗು ಅಷ್ಟು ಜೋರಾಗಿದ್ದುದು ಇದೇ ಕಾರಣಕ್ಕೆ. ಒಂದು ಕಾಯಂ ಹುದ್ದೆ ಒಂದು ಮನೆತನವನ್ನೇ ಎತ್ತುತ್ತಿತ್ತು.

ಈ ಎರಡು ಕಾರ್ಖಾನೆಗಳ ಮುಂದಿನ ದಾರಿ ಬೇರೆ ಬೇರೆಯಾಯಿತು.

1997ರಲ್ಲಿ ವಿಕ್ರಾಂತ್ ಜೆ.ಕೆ. ಸಮೂಹದ ಕೈಗೆ ಹೋಯಿತು. ಆ ದಶಕದ ಕೊನೆಯಿಂದ ಮೈಸೂರಿನಲ್ಲಿ ಲಾರಿ, ಬಸ್ಸುಗಳ ರೇಡಿಯಲ್ ಟೈರು ತಯಾರಾಗತೊಡಗಿತು. ಹಳೆ ಟೈರಿನಲ್ಲಿ ನೈಲಾನ್ ಪದರಗಳು ಓರೆಯಾಗಿ ಒಂದರ ಮೇಲೊಂದು ಇರುತ್ತವೆ. ರೇಡಿಯಲ್‌ನಲ್ಲಿ ಎಳೆಗಳು ನೇರ ಅಡ್ಡಕ್ಕೆ, ಮೇಲೆ ಉಕ್ಕಿನ ಪಟ್ಟಿ. ಡೀಸೆಲ್ ಉಳಿಯುತ್ತದೆ, ಹೆಚ್ಚು ದೂರ ಬಾಳುತ್ತದೆ. ಲಾರಿ ಮಾಲೀಕನಿಗೆ ಒಳ್ಳೆಯದು. ಆದರೆ ಟೈರು ಹೆಚ್ಚು ಬಾಳಿದಷ್ಟೂ ಅದೇ ಲಾರಿಗೆ ಟೈರು ಕಡಿಮೆ ಬೇಕು. ರೇಡಿಯಲ್ ಮಾಡುವ ಯಂತ್ರಗಳೂ ಹೊಸವು, ಕೈಕೆಲಸ ಕಡಿಮೆ ಕೇಳುವಂಥವು. ರಸ್ತೆಯ ಮೇಲೆ ವಾಹನ ಹೆಚ್ಚಾದ್ದರಿಂದ ಉತ್ಪಾದನೆ ಏರಿತು. ಒಂದು ಟೈರಿಗೆ ಬೇಕಾದ ಕೈಗಳು ಮಾತ್ರ ಇಳಿದವು.

ಫಾಲ್ಕನ್ ಕಥೆ ಬೇರೆ. 2005ರ ಕೊನೆಯಲ್ಲಿ ಡನ್‌ಲಪ್ ಜೊತೆಗೆ ಅದೂ ರುಯಾ ಸಮೂಹದ ಪಾಲಾಯಿತು. ಬೈಕುಗಳ ಮಾರಾಟ ದೇಶದಲ್ಲಿ ಏರುತ್ತಲೇ ಇದ್ದ ಕಾಲ ಅದು, ಅಂದರೆ ಬೈಕಿನ ಟೈರಿಗೆ ಗಿರಾಕಿ ಇಲ್ಲ ಎಂಬ ಸ್ಥಿತಿ ಇರಲಿಲ್ಲ. ಹಾಗಿದ್ದೂ ಕಾರ್ಖಾನೆ ಮತ್ತೆ ಮತ್ತೆ ನಿಂತಿತು. 2010ರ ದಶಕದ ಮಧ್ಯಭಾಗದಲ್ಲಿ ಉತ್ಪಾದನೆ ಪೂರ್ತಿ ನಿಂತು, ಸಂಬಳ ಬಾಕಿ, ಗ್ರಾಚ್ಯುಟಿ ಬಾಕಿ ಎಂದು ಕಾರ್ಮಿಕರು ಗೇಟಿನ ಮುಂದೆಯೂ ನ್ಯಾಯಾಲಯದಲ್ಲೂ ನಿಲ್ಲಬೇಕಾಯಿತು.

45 ದಾಟಿದ ಮನುಷ್ಯ, 25 ವರ್ಷ ಟೈರು ಕಟ್ಟಿದವನು, ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡರೆ ಎಲ್ಲಿಗೆ ಹೋಗಬೇಕು? ಟೈರು ಕಟ್ಟುವ ವಿದ್ಯೆ ಬೇರೆಲ್ಲೂ ನಡೆಯದ ನಾಣ್ಯ. ಸೆಕ್ಯೂರಿಟಿ ಗಾರ್ಡ್ ಆಗುವುದು, ಆಟೋ ಓಡಿಸುವುದು, ಇಲ್ಲ ಊರಿನ ಒಣಭೂಮಿಗೆ ಮರಳುವುದು. ಕಾರ್ಖಾನೆ ಮುಚ್ಚಿದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಅಳಿಯುತ್ತದೆ, ಅಷ್ಟೇ. ಆ ಮನೆಗಳಲ್ಲಿ ಅಳಿದದ್ದು ಯಾವ ಸಮೀಕ್ಷೆಗೂ ಸಿಗುವುದಿಲ್ಲ.

ಪೀಣ್ಯದ ಶೆಡ್ಡುಗಳು

ಪ್ಲಾಸ್ಟಿಕ್‌ನ ಚರಿತ್ರೆ ಟೈರಿನಂತಲ್ಲ. ಟೈರು ಕಾರ್ಖಾನೆಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಪ್ಲಾಸ್ಟಿಕ್ ಅಚ್ಚಿಗೆ ಒಂದು ಮೆಷಿನ್, ಒಂದು ಶೆಡ್ಡು, ಒಂದು ಕರೆಂಟ್ ಮೀಟರ್ ಸಾಕು.

ಭಾರತದಲ್ಲಿ ಪ್ಲಾಸ್ಟಿಕ್ ಕಾಳಿನ ತಯಾರಿಕೆ ಮೊದಲಾದದ್ದು 1957ರಲ್ಲಿ, ಪಾಲಿಸ್ಟೈರೀನ್ ಎಂಬ ಬಗೆಯಿಂದ. 1967ರಲ್ಲಿ ಕೇಂದ್ರ ಸರ್ಕಾರ ಕೆಲವು ಸಾಮಾನುಗಳನ್ನು ಸಣ್ಣ ಕೈಗಾರಿಕೆಗೆ ಮಾತ್ರ ಎಂದು ಮೀಸಲಿಟ್ಟಿತು. 47 ಸಾಮಾನುಗಳಿಂದ ಶುರುವಾದ ಪಟ್ಟಿ 1980ರ ದಶಕದಲ್ಲಿ 800 ದಾಟಿತು. ಪ್ಲಾಸ್ಟಿಕ್‌ನ ಹಲವು ಸಾಮಾನುಗಳು ಅದರಲ್ಲಿದ್ದವು. ದೊಡ್ಡ ಕಂಪನಿಗಳು ಕೈಹಾಕುವಂತಿರಲಿಲ್ಲ.

ಅದರ ಫಲ ಬೆಂಗಳೂರಿನ ಪೀಣ್ಯದಲ್ಲಿ ಕಂಡಿತು. ಟಿವಿ, ವಾಚು, ಟೆಲಿಫೋನು, ಮೋಟಾರು ಮಾಡುವ ದೊಡ್ಡ ಕಾರ್ಖಾನೆಗಳಿಗೆ ಸಣ್ಣಪುಟ್ಟ ಪ್ಲಾಸ್ಟಿಕ್ ಭಾಗಗಳು ಬೇಕಿದ್ದವು. ತುಮಕೂರು, ಹಾಸನ, ಮಂಡ್ಯ, ಕೋಲಾರದ ಹುಡುಗರು ಬಸ್ಸಿಳಿದು ಆ ಶೆಡ್ಡುಗಳಿಗೆ ಹೋದರು. ಮೊದಲ ಮೆಷಿನ್‌ಗಳಲ್ಲಿ ಕೆಲವು ಕೈಯಿಂದಲೇ ಹಿಡಿಕೆ ಎಳೆಯುವಂಥವು. ಆಮೇಲೆ ತಾನಾಗಿ ಓಡುವ ಮೆಷಿನ್ ಬಂದವು.

ಕೆಲಸ ಹೇಗೆ ಅಂದರೆ: ಅಕ್ಕಿಕಾಳಿನ ಗಾತ್ರದ ಪ್ಲಾಸ್ಟಿಕ್ ಕಾಳು ಮೇಲಿನ ಬುಟ್ಟಿಗೆ ಸುರಿಯುವುದು. ಒಳಗೆ ಬಿಸಿ ಕೊಳವೆಯಲ್ಲಿ ಕರಗಿ, ಒತ್ತಡದಲ್ಲಿ ಅಚ್ಚಿಗೆ ನುಗ್ಗುತ್ತದೆ. ಅಚ್ಚು ತೆರೆಯುತ್ತದೆ. ಕೆಲಸಗಾರ ಬಾಗಿಲು ಸರಿಸಿ ಮಾಲು ತೆಗೆದು, ಅಂಚಿನ ಹೆಚ್ಚುವರಿ ಚೂರನ್ನು ಬ್ಲೇಡಿನಿಂದ ಕೆತ್ತಿ, ಬಾಗಿಲು ಮುಚ್ಚಬೇಕು. ಒಂದು ಬಕೆಟ್ಟಿಗೆ 40 ಸೆಕೆಂಡು ಎಂದು ಇಟ್ಟುಕೊಂಡರೆ 12 ಗಂಟೆಯ ಪಾಳಿಯಲ್ಲಿ 1,080 ಸಲ ಇದೇ ಕೆಲಸ. ಬಾಗಿಲು ತೆರೆದರೆ ಮೆಷಿನ್ ನಿಲ್ಲಬೇಕು ಎಂಬ ಸುರಕ್ಷತಾ ಸ್ವಿಚ್ಚು ಇರುತ್ತದೆ. ಬೇಗ ಮಾಲು ಬೀಳಲಿ ಎಂದು ಆ ಸ್ವಿಚ್ಚನ್ನು ಕಟ್ಟಿಹಾಕಿದ ಕಡೆ ಬೆರಳು ಹೋಗುತ್ತದೆ.

ಆದರೂ ಈ ಶೆಡ್ಡುಗಳು ಒಂದು ಬಾಗಿಲು ತೆರೆದವು. ಓದು ಅರ್ಧಕ್ಕೆ ಬಿಟ್ಟವನೂ ಒಳಗೆ ಹೋಗಬಹುದಿತ್ತು. ಹೆಲ್ಪರ್ ಆಗಿ ಸೇರಿದವನು ಆಪರೇಟರ್ ಆಗಿ, ಅಚ್ಚು ಕೂರಿಸುವುದನ್ನು ಕಲಿತು, ಕೆಲವರು ಹಳೆ ಮೆಷಿನ್ ಕೊಂಡು ತಾವೇ ಶೆಡ್ಡು ಹಾಕಿದರು. ಕಾಯಂ ಹುದ್ದೆ ಇಲ್ಲದಿದ್ದರೂ ಏಣಿಯೊಂದು ಇತ್ತು.

1991ರ ನಂತರ ಆ ಏಣಿಯ ಮೆಟ್ಟಿಲುಗಳು ಒಂದೊಂದೇ ಸಡಿಲವಾದವು. ಕಚ್ಚಾ ಕಾಳು ಧಾರಾಳವಾಗಿ ಸಿಗತೊಡಗಿತು, ಅದು ಒಳ್ಳೆಯದೇ. ಆದರೆ ಚೀನಾದ ಸಾಮಾನೂ ಬಂತು. ಮೀಸಲು ಪಟ್ಟಿಯನ್ನು ಕೇಂದ್ರ ಹಂತ ಹಂತವಾಗಿ ಕರಗಿಸಿತು, 2015ರಲ್ಲಿ ಕೊನೆಯ 20 ಸಾಮಾನುಗಳನ್ನೂ ಕೈಬಿಟ್ಟಿತು. ದೊಡ್ಡ ಕಂಪನಿಯ ಮೆಷಿನ್ ಮುಂದೆ ರೋಬೋ ತೋಳು ನಿಂತಿತು. ಬಾಗಿಲು ಸರಿಸಿ ಮಾಲು ತೆಗೆಯುವ ಕೆಲಸ ಅದರ ಪಾಲಾಯಿತು.

ಒಂದೇ ಗೇಟು, ಎರಡು ಸಾಲು

ಈಗ ಕಥೆಯ ನಡುಬಿಂದುವಿಗೆ ಬರೋಣ. ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಬೆಳಿಗ್ಗೆ ಎರಡು ಸಾಲು ನಿಲ್ಲುವುದನ್ನು ನೀವು ನೋಡಿರಬಹುದು. ಒಂದು ಕಂಪನಿಯವರದು, ಇನ್ನೊಂದು ಗುತ್ತಿಗೆಯವರದು. ಒಳಗೆ ಹೋದ ಮೇಲೆ ಮೆಷಿನ್ ಒಂದೇ, ಬೆವರು ಒಂದೇ. ಸಂಬಳ ಒಂದೇ ಅಲ್ಲ.

1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ವರ್ಷಪೂರ್ತಿ ನಡೆಯುವ ಕೆಲಸಕ್ಕೆ ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಬಹುದು ಎಂದು ಅದು ಹೇಳಿತು. ಹಾಗೆ ನಿಷೇಧಿಸಿದರೆ ಆ ಕಾರ್ಮಿಕರು ತಾವಾಗಿ ಕಂಪನಿಯವರಾಗುತ್ತಾರೆ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2001ರಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ, ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, ಹಾಗೆ ತಾವಾಗಿ ಆಗುವುದಿಲ್ಲ ಎಂದು ಆ ತೀರ್ಪನ್ನು ಬದಲಿಸಿತು.

ಆಮೇಲೆ ಏನಾಯಿತು ಎಂಬುದಕ್ಕೆ ಸಮೀಕ್ಷೆಯ ಅಂಕಿಯೇ ಸಾಕ್ಷಿ. 2000ದ ಆಸುಪಾಸಿನಲ್ಲಿ ದೇಶದ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಗುತ್ತಿಗೆಯವರು. 2022-23ರ ಹೊತ್ತಿಗೆ ಸುಮಾರು ಐವರಲ್ಲಿ ಇಬ್ಬರು. ಇದು ಎಲ್ಲ ಕೈಗಾರಿಕೆ ಸೇರಿದ ಲೆಕ್ಕ. ಇದರ ಜೊತೆ ಅಪ್ರೆಂಟಿಸ್, ಟ್ರೈನಿ ಎಂಬ ಹೆಸರಿನಲ್ಲಿ ಬರುವವರಿದ್ದಾರೆ. ಅಪ್ರೆಂಟಿಸ್‌ಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡು. ಭವಿಷ್ಯ ನಿಧಿ ಇಲ್ಲ.

ಕಾನೂನಿನ ಗೆರೆಗಳೂ ಸರಿಯುತ್ತಿವೆ. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ‘ಕಾರ್ಖಾನೆ’ ಎನ್ನಲು ಬೇಕಾದ ಜನ 10ರಿಂದ 20ಕ್ಕೆ, ಗುತ್ತಿಗೆ ನಿಯಮ ಅನ್ವಯಿಸುವ ಮಿತಿ 20ರಿಂದ 50ಕ್ಕೆ, ಸರ್ಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚಬಾರದು ಎಂಬ ಮಿತಿ 100ರಿಂದ 300ಕ್ಕೆ ಏರಿದೆ. ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು. ಹೆಂಗಸರ ರಾತ್ರಿ ಪಾಳಿಗೂ ದಾರಿ ತೆರೆಯಿತು. ಕೈಗಾರಿಕೆಯವರು ಹೇಳುವುದು, ನಿಯಮ ಸಡಿಲವಾದರೆ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತೇವೆ ಎಂದು. ಕಾರ್ಮಿಕ ಸಂಘಗಳು ಹೇಳುವುದು, ಸೇರಿಸಿಕೊಳ್ಳುವುದಕ್ಕಿಂತ ತೆಗೆಯುವುದು ಸುಲಭವಾಗಿದೆ ಎಂದು. ನಮಗೆ ಕಾಣುವುದು ಇಷ್ಟು: ಸಣ್ಣ ಘಟಕಗಳೇ ತುಂಬಿರುವ ಪ್ಲಾಸ್ಟಿಕ್‌ನಂಥ ಕೈಗಾರಿಕೆಯಲ್ಲಿ ಗೆರೆ ಮೇಲೇರಿದಷ್ಟೂ ಗೆರೆಯ ಕೆಳಗೆ ಉಳಿಯುವವರು ಹೆಚ್ಚುತ್ತಾರೆ.

ನಿಷೇಧ ಬಂದಾಗ

2016ರ ಮಾರ್ಚ್ 11ರಂದು ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ 19 ಬಗೆಯ ಸಾಮಾನುಗಳಿಗೆ ನಿಷೇಧ ಬಂತು. ಚರಂಡಿ ಕಟ್ಟಿಸಿದ, ದನದ ಹೊಟ್ಟೆ ಸೇರಿದ ಚೀಲಗಳನ್ನು ಕಂಡ ನಮಗ್ಯಾರಿಗೂ ಇದು ತಪ್ಪು ಎನಿಸಲಿಲ್ಲ.

ಆದರೆ ಆ ಚೀಲ ಮಾಡುತ್ತಿದ್ದವರಿಗೆ ಮುಂದೇನು ಎಂಬ ಪ್ರಶ್ನೆಗೆ ಯಾವ ಆದೇಶದಲ್ಲೂ ಜಾಗವಿರಲಿಲ್ಲ. ಮಾಲೀಕ ಬೇರೆ ಅಚ್ಚು ಹಾಕಬಹುದು, ಮೆಷಿನ್ ಮಾರಬಹುದು. ಹಾಜರಿ ಪುಸ್ತಕದಲ್ಲೇ ಇಲ್ಲದವನಿಗೆ ಪರಿಹಾರ ಕೇಳಲು ಪುರಾವೆ ಇಲ್ಲ. ಅದೇ ವೇಳೆ ಚೀಲ ಮಾರುಕಟ್ಟೆಯಿಂದ ಮಾಯವೂ ಆಗಲಿಲ್ಲ. ಸಂತೆಗೆ ಹೋದವರಿಗೆ ಗೊತ್ತು. ಎಂದರೆ ಎಲ್ಲೋ ಮೆಷಿನ್ ಓಡುತ್ತಿದೆ, ಕದ್ದುಮುಚ್ಚಿ. ಕದ್ದುಮುಚ್ಚಿ ಓಡುವ ಮೆಷಿನ್ ಮುಂದೆ ನಿಂತವನಿಗೆ ಇಎಸ್‌ಐ ಎಲ್ಲಿಂದ ಬರಬೇಕು?

ಬೆಂಗಳೂರಿನ ನಾಯಂಡಹಳ್ಳಿ ಸುತ್ತ ಗುಜರಿ ಪ್ಲಾಸ್ಟಿಕ್ ವಿಂಗಡಿಸಿ ಕಾಳು ಮಾಡುವ ಘಟಕಗಳಿವೆ. ನಗರದ ಕಸವನ್ನು ಮತ್ತೆ ಕಚ್ಚಾ ಮಾಲು ಮಾಡುವ ದೊಡ್ಡ ಕೆಲಸ ಅದು. ಪರಿಸರದ ಭಾಷಣಗಳಲ್ಲಿ ‘ಮರುಬಳಕೆ’ ಎಂಬ ಮಾತು ಬರುತ್ತದೆ. ಆ ಕೆಲಸ ಮಾಡುವ ಹೆಂಗಸರು, ಗಂಡಸರು ಉದ್ಯೋಗದ ಅಂಕಿಅಂಶದಲ್ಲಿ ಬರುವುದೇ ಅಪರೂಪ.

ಹೊಸ ನಕ್ಷೆ: ಕೊಪ್ಪಳ, ಗಂಜಿಮಠ

ಈಗ ಕೈಗಾರಿಕೆ ಬೆಂಗಳೂರು, ಮೈಸೂರು ಬಿಟ್ಟು ಬೇರೆ ಕಡೆಗೂ ಹೋಗುತ್ತಿದೆ. 2020ರಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಬರುತ್ತದೆ ಎಂದು ಘೋಷಣೆಯಾಯಿತು. 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಎಂದರು. ಅದೇ ವರ್ಷ ಕೇಂದ್ರ ಸರ್ಕಾರ ವಿದೇಶಿ ಆಟಿಕೆಗಳ ಮೇಲಿನ ಸುಂಕವನ್ನು 20ರಿಂದ 60 ಶೇಕಡಾಕ್ಕೆ ಏರಿಸಿತ್ತು. ಚನ್ನಪಟ್ಟಣದ ಮರದ ಬೊಂಬೆಗೆ ಹೆಸರಾದ ರಾಜ್ಯದಲ್ಲಿ ಪ್ಲಾಸ್ಟಿಕ್ ಬೊಂಬೆಯ ಕಾರ್ಖಾನೆ.

ಮಂಗಳೂರಿನಲ್ಲಿ ಎಂಆರ್‌ಪಿಎಲ್ ತೈಲಾಗಾರ 2015ರಿಂದ ಪಾಲಿಪ್ರೊಪಿಲೀನ್ ಕಾಳು ಮಾಡುತ್ತಿದೆ. ಗೊಬ್ಬರದ ಚೀಲ, ಕುರ್ಚಿ, ಹಗ್ಗ ಎಲ್ಲಕ್ಕೂ ಇದೇ ಕಾಳು. ಅದನ್ನು ನೆಚ್ಚಿಕೊಂಡು ಹತ್ತಿರದ ಗಂಜಿಮಠದಲ್ಲಿ ಪ್ಲಾಸ್ಟಿಕ್ ಪಾರ್ಕ್‌ಗೆ ಕೇಂದ್ರ ಒಪ್ಪಿಗೆ ಕೊಟ್ಟಿದೆ.

ನಾವು ಇದನ್ನು ಅಲ್ಲಗಳೆಯುವುದಿಲ್ಲ. ಕೊಪ್ಪಳ, ಯಲಬುರ್ಗಾ ಕಡೆಯ ಜನ ಗುಳೆ ಹೋಗುವುದನ್ನು ತಲೆಮಾರಿನಿಂದ ಕಂಡವರಿಗೆ ಮನೆ ಹತ್ತಿರದ ಕಾರ್ಖಾನೆ ಸಣ್ಣ ವಿಷಯವಲ್ಲ. ಸಂಜೆ ಮನೆಗೆ ಬಂದು ಮಕ್ಕಳ ಮುಖ ನೋಡಬಹುದಾದ ಹೆಂಗಸಿಗೆ ಅದು ದೊಡ್ಡದೇ. ಆದರೆ ಘೋಷಣೆಯ ಸಂಖ್ಯೆ ಒಂದು, ಹಾಜರಿ ಪುಸ್ತಕದ ಸಂಖ್ಯೆ ಇನ್ನೊಂದು. 40,000 ಎಂದಾಗ ಅದರಲ್ಲಿ ಕಂಪನಿಯ ಸಾಲಿನವರು ಎಷ್ಟು, ಗುತ್ತಿಗೆ ಸಾಲಿನವರು ಎಷ್ಟು ಎಂದು ಕೇಳುವ ಹಕ್ಕು ಜಮೀನು ಕೊಟ್ಟ ಊರುಗಳಿಗೆ ಇದೆ.

2024ರ ಜುಲೈಯಲ್ಲಿ ರಾಜ್ಯ ಸಂಪುಟ ಖಾಸಗಿ ಕೈಗಾರಿಕೆಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಒಪ್ಪಿ, ಉದ್ಯಮಿಗಳ ವಿರೋಧ ಬಂದೊಡನೆ ತಡೆಹಿಡಿಯಿತು. ಮಹಿಷಿ ವರದಿಯಿಂದ ಅಲ್ಲಿಗೆ 38 ವರ್ಷ. ಚರ್ಚೆ ಎರಡು ಸಲವೂ ‘ಕೆಲಸ ಯಾರಿಗೆ’ ಎಂಬುದರ ಮೇಲೆಯೇ ನಡೆಯಿತು. ‘ಎಂಥ ಕೆಲಸ’ ಎಂಬ ಮಾತು ಹಿಂದೆ ಬಿತ್ತು. ಸ್ಥಳೀಯನಿಗೇ ಸಿಕ್ಕರೂ 11 ತಿಂಗಳಿಗೆ ಬಿಡಿಸುವ ಕೆಲಸವಾದರೆ ಅದರಿಂದ ಇಟ್ಟಿಗೆ ಗೋಡೆ ಏಳುವುದಿಲ್ಲ.

ಹೋಗುವ ಮುಂಚೆ, ಬಂದ ಮೇಲೆ

ಚರಿತ್ರೆ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಕೆಲವು ಲೆಕ್ಕದ ಮಾತು ಹೇಳುತ್ತೇವೆ.

ಸೇರುವಾಗ ಕೇಳಿ: ನನ್ನ ಹೆಸರು ಯಾರ ಪುಸ್ತಕದಲ್ಲಿ, ಕಂಪನಿಯದೋ ಗುತ್ತಿಗೆದಾರನದೋ? ಗುತ್ತಿಗೆದಾರ ಬದಲಾದರೂ ನಿಮ್ಮ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಒಂದೇ ಇರಬೇಕು. ಪ್ರತಿ ಸಲ ಹೊಸದು ಮಾಡಿಸಿದರೆ ಸೇವೆಯ ವರ್ಷಗಳು ಚೂರುಚೂರಾಗುತ್ತವೆ. ನಿಧಿಯ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಹಲವರು 12, 13 ವರ್ಷ ದುಡಿದೂ ಕಾಗದದಲ್ಲಿ 4 ವರ್ಷದವರಾಗಿ ಉಳಿಯುವುದು ಹೀಗೆ.

ಗ್ರಾಚ್ಯುಟಿ 1972ರ ಕಾಯ್ದೆಯಿಂದ ಬಂದ ಹಕ್ಕು, ಮಾಲೀಕನ ದಾನವಲ್ಲ. ಕಾಯಂ ಕಾರ್ಮಿಕ 5 ವರ್ಷ ಪೂರೈಸಿದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಕಂಪನಿ ದಿವಾಳಿಯಾಗಿ ಆಸ್ತಿ ಹರಾಜಾದರೂ 2016ರ ದಿವಾಳಿ ಸಂಹಿತೆಯ ಪ್ರಕಾರ ಭವಿಷ್ಯ ನಿಧಿ, ಗ್ರಾಚ್ಯುಟಿ ನಿಧಿಗಳ ಹಣ ಸಾಲಗಾರರ ಪಾಲಿಗೆ ಸೇರುವಂತಿಲ್ಲ.

ಪ್ಲಾಸ್ಟಿಕ್ ಕೆಲಸದಲ್ಲೇ ಮುಂದೆ ಬರಬೇಕು ಎನ್ನುವ ಮಕ್ಕಳಿಗೆ ಒಂದು ಮಾತು. ಮೈಸೂರಿನಲ್ಲಿ 1991ರಿಂದ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಮೂರು ವರ್ಷದ ಡಿಪ್ಲೊಮಾ ಉಂಟು. ಮಾಲು ತೆಗೆಯುವ ಕೈಯನ್ನು ರೋಬೋ ಕಸಿಯಬಹುದು. ಅಚ್ಚು ಮಾಡುವ, ಮೆಷಿನ್ ರಿಪೇರಿ ಮಾಡುವ ಕೈಗೆ ಇನ್ನೂ ಬೆಲೆ ಇದೆ.

ಕೊನೆಯದಾಗಿ, ಮನೆಯ ಟ್ರಂಕಿನಲ್ಲಿ ಅಪ್ಪನ ಹಳೆ ಗುರುತಿನ ಚೀಟಿ, ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಯೂನಿಯನ್ ರಸೀದಿ ಇದ್ದರೆ ಎಸೆಯಬೇಡಿ. ಬಾಕಿ ಕೇಳಲು, ಪಿಂಚಣಿ ಕೇಳಲು ಅದೇ ಪುರಾವೆ. ದೊಡ್ಡ ಕಂಪನಿಯ ಚರಿತ್ರೆಯನ್ನು ಕಂಪನಿ ಬರೆಸಿಕೊಳ್ಳುತ್ತದೆ. ಶೆಡ್ಡಿನಲ್ಲಿ ದುಡಿದವರ ಚರಿತ್ರೆ ಇರುವುದು ಅಂಥ ಟ್ರಂಕುಗಳಲ್ಲೇ.